ಟರ್ಕಿ: ಊರಿಗೆಲ್ಲ ಪಂಚಾಯ್ತಿ ಮಾಡುವವರ ಮನೆಯೊಳಗೆ ಏನು ನಡೆಯುತ್ತಿದೆ?

ಬಯಲುಸೀಮೆ

2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದು, ಟರ್ಕಿ ಪಾಕಿಸ್ತಾನದ ಪರ ನಿಂತಾಗಿನಿಂದ ನಮ್ಮ ಕಡೆ ಆ ದೇಶ ಅಂದರೆ ಒಂದೇ ಮಾತು: ಬಾಯ್ಕಾಟ್. ಸೇಬು ಬೇಡ, ಮಾರ್ಬಲ್ ಬೇಡ, ಟೂರ್ ಬೇಡ. ಸಿಟ್ಟು ಬಂದದ್ದು ಸಹಜ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸಿಟ್ಟಿನಲ್ಲಿ ಶುರು ಮಾಡಿದ ಓದು ಈಗ ಕುತೂಹಲಕ್ಕೆ ತಿರುಗಿದೆ.

ಹೊರಗಿನಿಂದ ನೋಡಿದರೆ ಈ ದೇಶ ಊರ ಗೌಡನ ಥರ ಓಡಾಡುತ್ತಿದೆ. ರಷ್ಯಾ-ಉಕ್ರೇನ್ ಮಾತುಕತೆಗೆ ಜಗಲಿ ಇಸ್ತಾಂಬುಲ್. 2024ರ ಡಿಸೆಂಬರ್ 8ಕ್ಕೆ ಅಸಾದ್ ಓಡಿಹೋದ ಮೇಲೆ ಸಿರಿಯಾದಲ್ಲಿ ಟರ್ಕಿ ರಾಜಧಾನಿ ಅಂಕಾರಾದ ಮಾತಿಗೆ ತೂಕ ಜಾಸ್ತಿ. 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಅಲ್ಲಿನ ಅಧ್ಯಕ್ಷ ಎರ್ಡೋಗನ್ ಅವರನ್ನು ಶ್ವೇತಭವನಕ್ಕೆ ಕರೆಸಿ, ಕುರ್ಚಿ ಎಳೆದು ಕೂರಿಸಿದರು.

ಒಳಗೆ ನೋಡಿದರೆ ಇಸ್ತಾಂಬುಲ್ ಮೇಯರ್ ಜೈಲಿನಲ್ಲಿ. 2025ರಲ್ಲಿ ಬೆಲೆ ಏರಿಕೆ ಮೂವತ್ತು ಪರ್ಸೆಂಟಿನ ಮೇಲೆ. 2024ರ ಸ್ಥಳೀಯ ಚುನಾವಣೆಯಲ್ಲಿ ಆಳುವ ಪಕ್ಷ ಎರಡನೇ ಸ್ಥಾನಕ್ಕೆ ಇಳಿದಿದೆ.

ನನ್ನ ಪ್ರಶ್ನೆ ಇಷ್ಟೇ. ಇವು ಎರಡು ಬೇರೆ ಬೇರೆ ಕಥೆಗಳಾ? ಇಲ್ಲಾ ಒಂದಕ್ಕೊಂದು ಗಂಟು ಬಿದ್ದಿವೆಯಾ? ಅಲ್ಲಿರುವವರು, ಗೊತ್ತಿರುವವರು ಹೇಳಿ.

ಬಾಸ್ಫರಸ್ ಭಟ್ಟ

ನಾನು ಇಸ್ತಾಂಬುಲ್‌ನ ಕಾದಿಕೊಯ್‌ನಲ್ಲಿ ಆರು ವರ್ಷದಿಂದ ಇದ್ದೇನೆ. ಕೆಲಸ ಸಾಫ್ಟ್‌ವೇರ್, ಹೊಟ್ಟೆಪಾಡು. ಮೊದಲೇ ಒಂದು ಸಣ್ಣ ತಿದ್ದುಪಡಿ. ನಮ್ಮ ಪೇಪರಿನವರು ಎರ್ಡೋಗನ್ ಅಂತ ಬರೆಯುತ್ತಾರೆ. ಆ ‘ಗ’ ಇವರ ಬಾಯಲ್ಲಿ ಉಚ್ಚಾರವೇ ಆಗುವುದಿಲ್ಲ. ಎರ್ದೊವಾನ್ ಅಂದರೆ ಹತ್ತಿರ. ಹಾಗೇ ಜೈಲಿನಲ್ಲಿರುವ ಮೇಯರ್ ಹೆಸರು ಇಮಾಮೊಗ್ಲು ಅಲ್ಲ, ಇಮಾಮೋಲು. ನಾನು ಗ ಸೇರಿಸಿ ಹೇಳಿದಾಗೆಲ್ಲ ಆಫೀಸಿನಲ್ಲಿ ನಗುತ್ತಿದ್ದರು.

ಈಗ ವಿಷಯಕ್ಕೆ. 2025ರ ಮಾರ್ಚ್ 18ಕ್ಕೆ ಇಸ್ತಾಂಬುಲ್ ವಿಶ್ವವಿದ್ಯಾಲಯ ಎಕ್ರೆಮ್ ಇಮಾಮೋಲು ಅವರ ಡಿಗ್ರಿ ರದ್ದು ಮಾಡಿತು. 1990ರಲ್ಲಿ ಉತ್ತರ ಸೈಪ್ರಸ್‌ನ ಖಾಸಗಿ ಕಾಲೇಜಿನಿಂದ ಇಲ್ಲಿಗೆ ವರ್ಗಾವಣೆ ಆದದ್ದು ಸರಿಯಿಲ್ಲವಂತೆ. ಮೂವತ್ತೈದು ವರ್ಷ ಆದ ಮೇಲೆ ಜ್ಞಾನೋದಯ! ಯಾಕೆ ಡಿಗ್ರಿ ಅಂದರೆ, ಇಲ್ಲಿನ ಸಂವಿಧಾನದ 101ನೇ ವಿಧಿ ಪ್ರಕಾರ ಅಧ್ಯಕ್ಷ ಚುನಾವಣೆಗೆ ನಿಲ್ಲಲು ಉನ್ನತ ಶಿಕ್ಷಣ ಆಗಿರಲೇಬೇಕು.

ಮಾರನೇ ದಿನ ಬೆಳಕು ಹರಿಯುವ ಹೊತ್ತಿಗೆ ಪೊಲೀಸರು ಮನೆಗೆ ಬಂದರು. ಅವರು ಬಟ್ಟೆ ಕಪಾಟಿನ ಮುಂದೆ ನಿಂತು ಟೈ ಕಟ್ಟಿಕೊಳ್ಳುತ್ತಾ ಒಂದು ವಿಡಿಯೋ ಹಾಕಿದರು: ಪೊಲೀಸರು ಬಾಗಿಲಲ್ಲಿ ಇದ್ದಾರೆ, ನಾನು ಜಗ್ಗುವುದಿಲ್ಲ ಅಂತ. ನಾನು ಅದನ್ನು ಫೋನಿನಲ್ಲಿ ನೋಡಿದ್ದು ಮೆಟ್ರೋಗೆ ಹೋಗುವ ದಾರಿಯಲ್ಲಿ. ಅರ್ಧ ವಿಡಿಯೋ ಬಂದು ನಿಂತಿತು, ನೆಟ್ ಅಷ್ಟು ನಿಧಾನ. ತಕ್ಸಿಮ್ ಸ್ಟೇಷನ್ ಮುಚ್ಚಿದ್ದರು.

ಅವತ್ತು ರಾತ್ರಿಯಿಂದ ಎಂಟೂವರೆ ಆದರೆ ಸಾಕು, ನಮ್ಮ ಬೀದಿಯ ಕಿಟಕಿಗಳಿಂದ ಪಾತ್ರೆ ಬಡಿಯುವ ಸದ್ದು. ನಮ್ಮ ಎದುರು ಮನೆಯ ಅಜ್ಜಿ ದಿನಾ ಒಂದು ಹಳೇ ಅಲ್ಯೂಮಿನಿಯಂ ಬೋಗುಣಿ ತಂದು ಸೌಟಿನಿಂದ ಬಡಿಯುತ್ತಿದ್ದರು. ಮೂರನೇ ದಿನ ಬೋಗುಣಿ ನೆಗ್ಗಿತ್ತು. ನಾಲ್ಕನೇ ದಿನ ಕುಕ್ಕರ್ ಮುಚ್ಚಳ ಬಂತು.

ಮಾರ್ಚ್ 23ಕ್ಕೆ ಕೋರ್ಟ್ ಜೈಲಿಗೆ ಕಳಿಸಿತು. ಅದೇ ಭಾನುವಾರ ಅವರ ಪಕ್ಷ ಸಿಎಚ್‌ಪಿ ತನ್ನ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸಲು ಒಳಗಿನ ಮತದಾನ ಇಟ್ಟಿತ್ತು. ಇದ್ದ ಹೆಸರು ಒಂದೇ. ಸದಸ್ಯರಲ್ಲದವರಿಗೂ ಬೇರೆ ಪೆಟ್ಟಿಗೆ ಇಟ್ಟರು. ಪಕ್ಷದ ಲೆಕ್ಕದಲ್ಲಿ ಸುಮಾರು ಒಂದೂವರೆ ಕೋಟಿ ಜನ ಬಂದು ಚೀಟಿ ಹಾಕಿದರು. ಲೆಕ್ಕ ಪಕ್ಷದ್ದೇ, ಅದನ್ನು ಬೇರೆಯವರು ಎಣಿಸಿಲ್ಲ. ಆದರೆ ನಮ್ಮ ಏರಿಯಾದ ಸಾಲು ಬೇಕರಿಯ ಮೂಲೆ ತಿರುಗಿ ಆಚೆ ಬೀದಿಗೆ ಹೋಗಿದ್ದನ್ನು ನಾನೇ ನೋಡಿದ್ದೇನೆ.

ಹಳೇ ಪೇಪರ್

ಭಟ್ಟರೇ, ಇದರಲ್ಲಿ ಮಜಾ ಏನು ಗೊತ್ತಾ? ಇದೇ ಪಿಕ್ಚರ್ ಇಪ್ಪತ್ತೇಳು ವರ್ಷದ ಹಿಂದೆ ಒಂದು ಸಲ ಓಡಿದೆ. ಹೀರೋ ಎರ್ದೊವಾನ್.

1994ರಲ್ಲಿ ಅವರು ಇಸ್ತಾಂಬುಲ್ ಮೇಯರ್. ನೀರಿನ ಸಮಸ್ಯೆ, ಕಸದ ಸಮಸ್ಯೆ ಸರಿ ಮಾಡಿ ಹೆಸರು ಮಾಡಿದರು. 1997ರ ಡಿಸೆಂಬರಿನಲ್ಲಿ ಸಿಯರ್ತ್ ಅನ್ನುವ ಊರಿನ ಸಭೆಯಲ್ಲಿ ಒಂದು ಪದ್ಯ ಓದಿದರು. ಅದರಲ್ಲಿ ಮಿನಾರುಗಳು ನಮ್ಮ ಬಯೊನೆಟ್ಟು ಅನ್ನುವ ಸಾಲಿತ್ತು. ದ್ವೇಷ ಹಬ್ಬಿಸಿದರು ಅಂತ ಕೇಸು. ಮೇಯರ್ ಹುದ್ದೆ ಹೋಯಿತು. 1999ರಲ್ಲಿ ನಾಲ್ಕು ತಿಂಗಳು ಜೈಲು. ಇನ್ನು ಈತ ಹಳ್ಳಿಯ ಮುಖ್ತಾರ್ ಕೂಡ ಆಗಲಾರ ಅಂತ ಪತ್ರಿಕೆಗಳು ಷರಾ ಬರೆದವು. ಮುಖ್ತಾರ್ ಅಂದರೆ ನಮ್ಮ ಪಟೇಲನ ಥರ.

2001ರಲ್ಲಿ ಎಕೆಪಿ ಪಕ್ಷ ಕಟ್ಟಿದರು. 2002ರ ನವೆಂಬರಿನಲ್ಲಿ ಬಂದ ಮತ 34%. ಸೀಟು ಮಾತ್ರ 550ರಲ್ಲಿ 363! 10% ಮತ ದಾಟದ ಪಕ್ಷಕ್ಕೆ ಸೀಟೇ ಇಲ್ಲ ಅನ್ನುವ ನಿಯಮ ಇತ್ತು. ಸಿಎಚ್‌ಪಿ ಒಂದನ್ನು ಬಿಟ್ಟು ಬಾಕಿ ಪಕ್ಷಗಳೆಲ್ಲ ಅದರಲ್ಲಿ ಉದುರಿಹೋದವು. ಆ ನಿಯಮ ತಂದದ್ದು ಎರ್ದೊವಾನ್ ಅಲ್ಲ, 1980ರ ದಂಗೆಯ ನಂತರ ಬಂದ ಮಿಲಿಟರಿಯವರು. ಬೇರೆಯವರನ್ನು ಹೊರಗಿಡಲು ಹಾಕಿದ ಬೇಲಿ ಇವರಿಗೆ ಮೆಟ್ಟಿಲಾಯಿತು.

ಜೈಲಿಗೆ ಹಾಕಿದ ಮೇಯರ್ ಮುಂದೆ ಏನಾಗಬಹುದು ಅಂತ ಇಡೀ ಟರ್ಕಿಯಲ್ಲಿ ಎರ್ದೊವಾನ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ಹಾಗಾಗಿ ಈ ಸಲ ನಾಲ್ಕು ತಿಂಗಳಿಗೆ ಬಿಡುವ ಲಕ್ಷಣ ಕಾಣಿಸುತ್ತಿಲ್ಲ.

ಮಿರ್ಚಿ ಮಂಡಕ್ಕಿ

ಒಂದು ನಿಮಿಷ. ಕೇಸು ಇರುವುದು ಭ್ರಷ್ಟಾಚಾರದ್ದು ಅಲ್ವಾ? ನಮ್ಮಲ್ಲೂ ಲಂಚದ ಕೇಸಿನಲ್ಲಿ ಸಿಕ್ಕಿಬಿದ್ದ ಪ್ರತಿಯೊಬ್ಬನೂ ರಾಜಕೀಯ ದ್ವೇಷ ಅಂತಲೇ ಹೇಳುತ್ತಾನೆ. ಒಂದೂವರೆ ಕೋಟಿಗೂ ಜಾಸ್ತಿ ಜನ ಇರುವ ನಗರದ ಪಾಲಿಕೆಯಲ್ಲಿ ಟೆಂಡರ್ ಗೋಲ್ಮಾಲ್ ಏನೂ ನಡೆದಿಲ್ಲ ಅಂತ ನಂಬುವಷ್ಟು ಮುಗ್ಧ ನಾನಲ್ಲ.

ಬಾಸ್ಫರಸ್ ಭಟ್ಟ

ಮಂಡಕ್ಕಿಯವರೇ, ನಾನೂ ಮುಗ್ಧ ಅಲ್ಲ. ಪಾಲಿಕೆ ಅಂದ ಮೇಲೆ ಟೆಂಡರ್ ಇದ್ದೇ ಇರುತ್ತೆ. ನವೆಂಬರಿನಲ್ಲಿ ಬಂದ ಆರೋಪಪಟ್ಟಿ ಸುಮಾರು 3,900 ಪುಟ, 402 ಆರೋಪಿಗಳು. ಇಮಾಮೋಲು ಒಬ್ಬರಿಗೇ 2,352 ವರ್ಷದವರೆಗೆ ಶಿಕ್ಷೆ ಕೇಳಿದ್ದಾರೆ. ಒಂದು ಸೊನ್ನೆ ಜಾಸ್ತಿ ಬಿದ್ದಿದೆ ಅಂದುಕೊಳ್ಳಬೇಡಿ, ಅಷ್ಟೇ ಇದೆ.

ಆದರೆ ನನಗೆ ಅನುಮಾನ ಬರುವುದು ಪಟ್ಟಿಯ ಉದ್ದದಿಂದಲ್ಲ. ಬಲೆ ಯಾವ ಮೀನಿಗೆ ಬೀಳುತ್ತೆ, ಯಾವ ಮೀನಿಗೆ ಬೀಳಲ್ಲ ಅನ್ನುವುದರಿಂದ. ಆಗಸ್ಟ್‌ನಲ್ಲಿ ಆಯ್ದಿನ್ ನಗರದ ಮೇಯರ್ ಓಜ್ಲೆಮ್ ಚೆರ್ಚಿಯೋಲು ಸಿಎಚ್‌ಪಿ ಬಿಟ್ಟು ಎಕೆಪಿ ಸೇರಿದರು. ಒತ್ತಡ ಹಾಕಿ ಎಳೆದುಕೊಂಡರು ಅಂತ ಸಿಎಚ್‌ಪಿ, ಇಲ್ಲ ನಾನೇ ಬಂದೆ ಅಂತ ಅವರು. ಅಲ್ಲಿಗೆ ಹೋದವರ ಮನೆಗೆ ಬೆಳಗಿನ ಜಾವ ಪೊಲೀಸರು ಬಂದದ್ದನ್ನು ನಾನಂತೂ ಕೇಳಿಲ್ಲ.

ಇನ್ನೂ ಒಂದು. 2019ರ ಮಾರ್ಚ್ 31ಕ್ಕೆ ಇಮಾಮೋಲು ಗೆದ್ದದ್ದು ಬರೀ 13 ಸಾವಿರ ಚಿಲ್ಲರೆ ಮತಗಳಿಂದ. ಚುನಾವಣಾ ಮಂಡಳಿ ಅದನ್ನು ರದ್ದು ಮಾಡಿತು. ಅವತ್ತು ಒಂದೇ ಲಕೋಟೆಯಲ್ಲಿ ನಾಲ್ಕು ಚೀಟಿ ಹಾಕಿದ್ದರು: ಮಹಾನಗರದ ಮೇಯರ್, ಜಿಲ್ಲಾ ಮೇಯರ್, ಕೌನ್ಸಿಲ್, ಮುಖ್ತಾರ್. ಮೂರು ಚೀಟಿ ಸರಿ ಇದ್ದವಂತೆ. ಮಹಾನಗರದ ಮೇಯರ್ ಚೀಟಿ ಮಾತ್ರ ಕೆಟ್ಟಿತ್ತಂತೆ. ಲಕೋಟೆ ಅದೇ, ಬೂತ್ ಅದೇ, ಸಿಬ್ಬಂದಿ ಅವರೇ! ಜೂನ್ 23ಕ್ಕೆ ಮತ್ತೆ ಚುನಾವಣೆ ಆಯಿತು. 13 ಸಾವಿರ ಇದ್ದ ಅಂತರ 8 ಲಕ್ಷ ಆಯಿತು.

ಮಿರ್ಚಿ ಮಂಡಕ್ಕಿ

ಲಕೋಟೆ ಕಥೆ ಗೊತ್ತಿರಲಿಲ್ಲ. ಒಪ್ಪಿದೆ. ಅರ್ಧ.

ಬೆಣ್ಣೆದೋಸೆ ಲೆಕ್ಕಿಗ

ನನ್ನ ಕಸುಬು ಲೆಕ್ಕಪತ್ರ, ಹಾಗಾಗಿ ದುಡ್ಡಿನ ಮಾತು ಹೇಳುತ್ತೇನೆ. ರಾಜಕೀಯ ಬಿಟ್ಟು ಲಿರಾ ನೋಡಿದರೂ ಕಥೆ ಅರ್ಥ ಆಗುತ್ತೆ.

ಎಲ್ಲಾ ಕಡೆ ಬೆಲೆ ಏರಿದರೆ ಬಡ್ಡಿ ಏರಿಸುತ್ತಾರೆ. ಎರ್ದೊವಾನ್ ವಾದ ಉಲ್ಟಾ. ಬಡ್ಡಿಯೇ ಎಲ್ಲ ಕೆಡುಕಿನ ತಾಯಿ-ತಂದೆ, ಅದನ್ನು ಇಳಿಸಿದರೆ ಬೆಲೆಯೂ ಇಳಿಯುತ್ತೆ ಅಂತ. ಒಪ್ಪದ ಗವರ್ನರ್‌ಗಳಿಗೆ ಗೇಟ್‌ಪಾಸ್. 2019ರಿಂದ 2021ರೊಳಗೆ ಸೆಂಟ್ರಲ್ ಬ್ಯಾಂಕಿನ ಮೂವರು ಹೋದರು. 2021ರಲ್ಲಿ 19% ಇದ್ದ ಬಡ್ಡಿ 2023ರ ಫೆಬ್ರುವರಿಗೆ 8.5%. ನಡುವೆ 2022ರ ಅಕ್ಟೋಬರಿನಲ್ಲಿ ಬೆಲೆ ಏರಿಕೆ, ಸರ್ಕಾರದ್ದೇ ಲೆಕ್ಕದಲ್ಲಿ, 85.5%.

2023ರ ಮೇ ಚುನಾವಣೆ ಗೆದ್ದ ಮರುತಿಂಗಳೇ ಮೆಹ್ಮೆತ್ ಶಿಮ್ಶೆಕ್ ಅನ್ನುವವರನ್ನು ಹಣಕಾಸು ಮಂತ್ರಿ ಮಾಡಿದರು. ಆಮೇಲೆ ಬಡ್ಡಿ ಏರಿದ್ದೇ ಏರಿದ್ದು, 2024ರ ಮಾರ್ಚ್‌ಗೆ 50%. ಚುನಾವಣೆಗೆ ಮೊದಲು ಸಕ್ಕರೆ, ಆಮೇಲೆ ಕಷಾಯ. ಇದು ಎಲ್ಲಾ ಊರಿನ ಪದ್ಧತಿ ಬಿಡಿ. ಆದರೆ ಈ ಪ್ರಮಾಣದ ಕಷಾಯ ನಾನು ಬೇರೆ ಕಡೆ ಹೆಚ್ಚು ನೋಡಿಲ್ಲ.

ಬಾಸ್ಫರಸ್ ಭಟ್ಟ

ಇದಕ್ಕೆ ನನ್ನ ಪರ್ಸಿನಿಂದ ಒಂದು ಸಾಕ್ಷಿ. ಇಲ್ಲಿನ ದೊಡ್ಡ ನೋಟು 200 ಲಿರಾ. 2009ರಲ್ಲಿ ಬಂದಾಗ ಅದಕ್ಕೆ 120-130 ಡಾಲರ್ ಬೆಲೆ. ಈಗ ಐದು ಡಾಲರ್ ಕೂಡ ಬರಲ್ಲ. ಅದಕ್ಕಿಂತ ದೊಡ್ಡ ನೋಟು ಇವತ್ತಿಗೂ ಮಾಡಿಲ್ಲ. ಮಾಡಿದರೆ ಸೋತೆವು ಅಂತ ಒಪ್ಪಿದ ಹಾಗೆ ಅಲ್ವಾ.

ಪರಿಣಾಮ ಏನು ಅಂದರೆ, ಎಟಿಎಂಗೆ ಹೋದರೆ ಮದುವೆ ಮನೆಗೆ ಹೊರಟ ಹಾಗೆ ಕಟ್ಟು ಹಿಡಿದು ಬರಬೇಕು. ಮೊನ್ನೆ ಮನೆ ಮಾಲೀಕರಿಗೆ ಬಾಡಿಗೆ ನಗದು ಕೊಟ್ಟೆ. ಅವರು ಬೆರಳಿಗೆ ಎಂಜಲು ಹಚ್ಚಿ ಎಣಿಸಿ ಮುಗಿಸುವಷ್ಟರಲ್ಲಿ ನನ್ನ ಚಹಾ ಆರಿಹೋಗಿತ್ತು. ಈ ಮಾಲೀಕರ ಜೊತೆ ನನ್ನ ಜಗಳ ದೊಡ್ಡದು. 2022ರಿಂದ ಎರಡು ವರ್ಷ ಸರ್ಕಾರ ಬಾಡಿಗೆ ಏರಿಕೆಗೆ 25% ಮಿತಿ ಹಾಕಿತ್ತು. ಮಿತಿ ತೆಗೆದ ಮರುವಾರವೇ ಇವರಿಗೆ ಮನೆ ತಮ್ಮ ಮಗನಿಗೆ ಬೇಕು ಅಂತ ನೆನಪಾಯಿತು. ಮಗ ಇರುವುದು ಕೆನಡಾದಲ್ಲಿ. ಕೊನೆಗೆ ಬಾಡಿಗೆ ದುಪ್ಪಟ್ಟಾಯಿತು, ಮಗನ ಆಸೆ ಹೊರಟುಹೋಯಿತು.

ಇಮಾಮೋಲು ಜನಪ್ರಿಯತೆ ಎಲ್ಲಿಂದ ಬಂತು ಅಂತ ಕೇಳುವವರಿಗೆ ನಾನು ಭಾಷಣದ ವಿಡಿಯೋ ಕಳಿಸಲ್ಲ, ಪಾಲಿಕೆಯ ‘ಕೆಂಟ್ ಲೊಕಾಂತಸಿ’ಗೆ ಕರೆದುಕೊಂಡು ಹೋಗುತ್ತೇನೆ. ನಮ್ಮ ಇಂದಿರಾ ಕ್ಯಾಂಟೀನ್ ಅಂದುಕೊಳ್ಳಿ. 2022ರಲ್ಲಿ ಶುರು. ಸೂಪು, ಅನ್ನ, ಒಂದು ಪಲ್ಯವೋ ಮಾಂಸವೋ, ಸಿಹಿಯೋ ಮೊಸರೋ, ಹೊರಗಿನ ಹೋಟೆಲಿಗಿಂತ ಎಷ್ಟೋ ಕಡಿಮೆಗೆ. ಸಾಲಿನಲ್ಲಿ ನನ್ನ ಮುಂದೆ ಕೋಟು ಹಾಕಿಕೊಂಡ ನಿವೃತ್ತ ಮೇಷ್ಟರು, ಹಿಂದೆ ಹಾಸ್ಟೆಲ್ ಹುಡುಗರು. ಮೇಷ್ಟರು ಉಳಿದ ಬ್ರೆಡ್ಡನ್ನು ಟಿಶ್ಯೂನಲ್ಲಿ ಸುತ್ತಿ ಕೋಟಿನ ಜೇಬಿಗೆ ಇಳಿಸಿದರು. ಯಾರೂ ನೋಡದ ಹಾಗೆ ಇದ್ದರು, ಎಲ್ಲರೂ ನೋಡಿದರು.

ಸ್ಟುಟ್‌ಗಾರ್ಟ್ ಸುಬ್ಬಿ

ಭಟ್ಟರ ಮಾತೆಲ್ಲ ಕಾದಿಕೊಯ್ ಕಿಟಕಿಯಿಂದ ಕಂಡದ್ದು. ಅದು ಸಿಎಚ್‌ಪಿ ಕೋಟೆ ಅಂತ ನನಗೂ ಗೊತ್ತು. ನನ್ನ ಮಗನಿಗೆ ಇಲ್ಲಿ ಕ್ಷೌರ ಮಾಡುವವರು ಟರ್ಕಿಯವರು, ಅನಟೋಲಿಯಾದ ಒಳನಾಡಿನ ಕಡೆಯವರು. 2023ರ ಎರಡನೇ ಸುತ್ತಿನಲ್ಲಿ ಎರ್ದೊವಾನ್‌ಗೆ ಒಟ್ಟಾರೆ 52% ಬಂದರೆ, ಜರ್ಮನಿಯಲ್ಲಿ ಹಾಕಿದ ಮತದಲ್ಲಿ ಸುಮಾರು 67%. ಯಾಕೆ ಅಂತ ಕೇಳಿದೆ. ಕತ್ತರಿ ನಿಲ್ಲಿಸಿ ಹೇಳಿದರು: ನನ್ನ ಅಕ್ಕ ಮೆಡಿಕಲ್ ಸೀಟು ಬಿಟ್ಟು ಮನೆಗೆ ಬಂದಳು, ತಲೆವಸ್ತ್ರ ತೆಗಿ ಅಂದಿದ್ದಕ್ಕೆ.

ಅದು ಸುಳ್ಳಲ್ಲ. 1997ರ ನಂತರ ವಿಶ್ವವಿದ್ಯಾಲಯಗಳಲ್ಲಿ ತಲೆವಸ್ತ್ರಕ್ಕೆ ಕಟ್ಟುನಿಟ್ಟಿನ ನಿಷೇಧ ಇತ್ತು. 1999ರಲ್ಲಿ ಮೆರ್ವೆ ಕವಾಕ್ಚಿ ಅನ್ನುವ ಸಂಸದೆ ತಲೆವಸ್ತ್ರ ಹಾಕಿಕೊಂಡು ಬಂದಾಗ ಪ್ರಮಾಣವಚನ ಮಾಡಲೂ ಬಿಡಲಿಲ್ಲ. ಆ ನಿಷೇಧ ತೆಗೆದದ್ದು ಎಕೆಪಿ. ಊರಿಗೆ ರಸ್ತೆ, ಆಸ್ಪತ್ರೆ ಬಂದದ್ದೂ ಅವರ ಕಾಲದಲ್ಲೇ. ಆಗ ಕೆಳಗೆ ತುಳಿಸಿಕೊಂಡವರ ನೆನಪು ಇನ್ನೂ ಹಸಿಯಾಗಿದೆ. ಸಿಎಚ್‌ಪಿ ಬಂದರೆ ಹಳೇ ದಿನ ವಾಪಸ್ ಬರುತ್ತೆ ಅನ್ನುವ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ.

ಲಿರಾ ಬಿದ್ದರೆ ನಮ್ಮ ಕ್ಷೌರಿಕರಿಗೆ ನಷ್ಟ ಇಲ್ಲ, ಅದೂ ನಿಜ. ಅವರ ಸಂಪಾದನೆ ಯೂರೋದಲ್ಲಿ.

ಕರಾವಳಿ ಮಂಜ

ಅಂದರೆ ನಮ್ಮಲ್ಲಿ 2022ರಲ್ಲಿ ಕಾಲೇಜಿನಲ್ಲಿ ಆದದ್ದು...

ನಿರ್ವಾಹಕ

ಮಂಜಣ್ಣ, ಆ ಬಾಗಿಲು ಇಲ್ಲಿ ತೆರೆಯಬೇಡಿ. ಅದಕ್ಕೆ ಬೇರೆ ಎಳೆ ಇದೆ, ಅದಕ್ಕೂ ಬೀಗ ಹಾಕಿ ಆಗಿದೆ. ಟರ್ಕಿಯಲ್ಲೇ ಇರೋಣ.

ಹಳೇ ಪೇಪರ್

ಸುಬ್ಬಿಯವರ ಮಾತು ಮುಖ್ಯ. ಆದರೆ ಆ ಹಳೇ ಬೆಂಬಲಿಗರ ಬಳಗ ಒಂದರಿಂದಲೇ ಈಗ ಗೆಲ್ಲಲು ಆಗುತ್ತಿಲ್ಲ. 2024ರ ಮಾರ್ಚ್ 31ಕ್ಕೆ ಸಿಎಚ್‌ಪಿಗೆ 37.8%, ಎಕೆಪಿಗೆ 35.5%. ಸಿಎಚ್‌ಪಿ ಮೊದಲ ಸ್ಥಾನಕ್ಕೆ ಬಂದದ್ದು 1977ರ ನಂತರ ಇದೇ ಮೊದಲು. ಅದಕ್ಕೆ ಐದು ತಿಂಗಳ ಮುಂಚೆ ಪಕ್ಷದೊಳಗೆ, ಸೋತು ಸುಣ್ಣವಾಗಿದ್ದ ಹಳೇ ನಾಯಕ ಕಿಲಿಚ್ದಾರೋಲು ಅವರನ್ನು ಇಳಿಸಿ ಓಜ್ಗುರ್ ಓಜೆಲ್ ಬಂದಿದ್ದರು. ಕಸುಬಿನಲ್ಲಿ ಔಷಧಿ ಅಂಗಡಿಯವರು.

ಈಗ ಸಂಸತ್ತಿನ ಲೆಕ್ಕ ನೋಡಿ. ಒಟ್ಟು 600. ಸಂವಿಧಾನ ತಿದ್ದಲು ನೇರವಾಗಿ 400 ಬೇಕು, ಜನಮತಕ್ಕೆ ಒಯ್ಯಲು 360. ಅವಧಿಗೆ ಮುಂಚೆ ಚುನಾವಣೆ ಕರೆಯಲೂ 360. ಎರ್ದೊವಾನ್‌ಗೆ ಇದು ಎರಡನೇ ಅವಧಿ ಅಂತ ಲೆಕ್ಕ. 2028ಕ್ಕೆ ಸುಮ್ಮನೆ ನಿಲ್ಲುವ ಹಾಗಿಲ್ಲ. ಸಂಸತ್ತೇ ಬೇಗ ಚುನಾವಣೆ ಕರೆದರೆ ಮಾತ್ರ ಇನ್ನೊಂದು ಅವಕಾಶ. 2023ರಲ್ಲಿ ಎಕೆಪಿ ಗೆದ್ದದ್ದು 268, ಜೊತೆಗಾರ ಎಂಎಚ್‌ಪಿ 50. ಕೂಡಿಸಿ, ಎಷ್ಟು ಕಮ್ಮಿ ಬೀಳುತ್ತೆ ನೋಡಿ. ಸಿಎಚ್‌ಪಿ ಬಿಟ್ಟರೆ, ಆ ಕಮ್ಮಿ ತುಂಬುವಷ್ಟು ಸಂಸದರು ಇರುವ ಇನ್ನೊಂದು ಪಕ್ಷ ಅಂದರೆ ಕುರ್ದರ ಡಿಇಎಂ, 50ಕ್ಕೂ ಹೆಚ್ಚು.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದು ಓದಿ. ಎಂಎಚ್‌ಪಿ ನಾಯಕ ದೆವ್ಲೆತ್ ಬಾಹ್ಚೆಲಿ ಕಟ್ಟಾ ರಾಷ್ಟ್ರವಾದಿ. 2007ರ ಪ್ರಚಾರ ಸಭೆಯಲ್ಲಿ ನೇಣಿನ ಹಗ್ಗ ಎಸೆದು, ಓಜಲಾನ್‌ನನ್ನು ಗಲ್ಲಿಗೆ ಹಾಕಿ ಅಂದವರು. ಓಜಲಾನ್ ಅಂದರೆ ಕುರ್ದರ ಸಶಸ್ತ್ರ ಸಂಘಟನೆ ಪಿಕೆಕೆಯ ಸ್ಥಾಪಕ, 1999ರಿಂದ ಇಮ್ರಾಲಿ ದ್ವೀಪದ ಜೈಲಿನಲ್ಲಿ ಇರುವವರು. ಅದೇ ಬಾಹ್ಚೆಲಿ 2024ರ ಅಕ್ಟೋಬರ್ 1ಕ್ಕೆ ಎದ್ದು ಹೋಗಿ ಡಿಇಎಂ ಸಂಸದರ ಕೈ ಕುಲುಕಿದರು. ಮೂರು ವಾರ ಬಿಟ್ಟು, ಓಜಲಾನ್ ಬೇಕಾದರೆ ಸಂಸತ್ತಿಗೇ ಬಂದು ಸಂಘಟನೆ ಮುಚ್ಚುತ್ತೇನೆ ಅಂತ ಹೇಳಲಿ ಅಂದರು!

ಆಮೇಲೆ ಎಲ್ಲಾ ಬೇಗ ಬೇಗ ನಡೆಯಿತು. 2025ರ ಫೆಬ್ರುವರಿ 27ಕ್ಕೆ ಓಜಲಾನ್ ಕರೆ, ಮೇ 12ಕ್ಕೆ ಪಿಕೆಕೆ ವಿಸರ್ಜನೆಯ ಘೋಷಣೆ. ಜುಲೈ 11ಕ್ಕೆ ಇರಾಕಿನ ಸುಲೈಮಾನಿಯಾ ಕಡೆಯ ಒಂದು ಗುಹೆಯ ಮುಂದೆ ಮೂವತ್ತು ಜನ ಸಾಲಾಗಿ ಇಳಿದು ಬಂದು, ದೊಡ್ಡ ಹಂಡೆಯೊಳಗೆ ಬಂದೂಕು ಇಟ್ಟು ಬೆಂಕಿ ಹಚ್ಚಿದರು. 1984ರಿಂದ ನಡೆದ ಜಗಳ. ಸತ್ತವರು 40 ಸಾವಿರದ ಮೇಲೆ.

ಮಿರ್ಚಿ ಮಂಡಕ್ಕಿ

ಹಾಗಾದರೆ ಕುರ್ದರಿಗೆ ಶಾಂತಿ, ಎರ್ದೊವಾನ್‌ಗೆ ಸೀಟು. ಸೀದಾ ವ್ಯಾಪಾರ.

ಹಳೇ ಪೇಪರ್

ಅಷ್ಟು ಸೀದಾ ಇಲ್ಲ. ಶಾಂತಿ ಅನ್ನುವುದು ಅವರಿಗೂ ಬೇಕು, ಅದು ನಲವತ್ತು ವರ್ಷ ಹೆಣ ಹೊತ್ತವರ ಮನೆಯ ಮಾತು. ಆದರೆ ಅವರದೇ ನಾಯಕ ದೆಮಿರ್ತಾಶ್ 2016ರ ನವೆಂಬರಿನಿಂದ ಜೈಲಿನಲ್ಲಿ ಇದ್ದಾರೆ. ಗೆದ್ದ ಕುರ್ದ್ ಮೇಯರ್‌ಗಳನ್ನು ತೆಗೆದು ಅಂಕಾರಾದಿಂದ ಆಡಳಿತಗಾರರನ್ನು ಕೂರಿಸುವುದು ವರ್ಷಗಳಿಂದ ನಡೆದಿದೆ. ಅದಕ್ಕೆ ‘ಕಯ್ಯುಮ್’ ಅನ್ನುತ್ತಾರೆ. ಇಸ್ತಾಂಬುಲ್‌ನವರಿಗೆ ಈ ಪದದ ಬಿಸಿ ಈಗ ತಟ್ಟುತ್ತಿದೆ. ಕುರ್ದರ ಊರು ದಿಯಾರ್ಬಕಿರ್‌ನವರಿಗೆ ಹತ್ತು ವರ್ಷದಿಂದ ಗೊತ್ತು. ಆಗ ಇವರು ಸುಮ್ಮನಿದ್ದರು ಅನ್ನುವ ನೋವು ಕುರ್ದರಿಗೆ ಇದೆ.

ಬಯಲುಸೀಮೆ

ಒಳಗಿನದು ಸ್ವಲ್ಪ ತಲೆಗೆ ಹೋಯಿತು. ಹೊರಗಿನದು? ಯುರೋಪಿನವರು ಇಂಥ ವಿಷಯದಲ್ಲಿ ಊರಿಗೆಲ್ಲ ಪಾಠ ಹೇಳುತ್ತಾರೆ. ಈ ಸಲ ಯಾಕೆ ಬಾಯಿ ಬಿಗಿಹಿಡಿದರು?

ಬಾಸ್ಫರಸ್ ಭಟ್ಟ

ನನ್ನ ಪ್ರಕಾರ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಎರಡೂ ಒಂದೇ ಕಥೆ. ಎಲ್ಲರಿಗೂ ಅಂಕಾರಾ ಹತ್ತಿರ ಏನೋ ಒಂದು ಕೆಲಸ ಇದೆ. ಕೆಲಸ ಇರುವ ಮನೆಗೆ ಹೋದಾಗ ಒಳಕೋಣೆಯ ಜಗಳ ಕೇಳಿದರೂ ಕೇಳಿಸದ ಹಾಗೆ ಕೂರುತ್ತೇವಲ್ಲ, ಹಾಗೆ.

ನನ್ನ ಆಫೀಸಿನ ದೋಣಿ ಬಾಸ್ಫರಸ್ ದಾಟುತ್ತೆ. ಬೆಳಿಗ್ಗೆ ಬಲಕ್ಕೆ ನೋಡಿದರೆ ಕಪ್ಪು ಸಮುದ್ರದ ಕಡೆಯಿಂದ ಬರುವ ಟ್ಯಾಂಕರ್‌ಗಳ ಸಾಲು. 1936ರ ಮೊಂತ್ರೊ ಒಪ್ಪಂದದ ಪ್ರಕಾರ ಈ ಬಾಗಿಲಿನ ಕೀಲಿ ಟರ್ಕಿ ಕೈಯಲ್ಲಿ. 2022ರಲ್ಲಿ ಯುದ್ಧ ಶುರುವಾದಾಗ ಯುದ್ಧನೌಕೆಗಳಿಗೆ ಬಾಗಿಲು ಹಾಕಿದರು. ಉಕ್ರೇನಿಗೆ ಬೈರಕ್ತಾರ್ ಡ್ರೋನ್ ಮಾರಿದರು, ರಷ್ಯಾ ಮೇಲೆ ದಿಗ್ಬಂಧನ ಮಾತ್ರ ಹಾಕಲಿಲ್ಲ. ಗ್ಯಾಸ್ ಅಲ್ಲಿಂದಲೇ ಬರಬೇಕಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಸ್ವೀಡನ್ ನ್ಯಾಟೋ ಸೇರಲು 2022ರ ಮೇನಲ್ಲಿ ಅರ್ಜಿ ಹಾಕಿತು. ಟರ್ಕಿ ಸಂಸತ್ತು ಒಪ್ಪಿದ್ದು 2024ರ ಜನವರಿಯಲ್ಲಿ. ಒಪ್ಪಿದ ದಿನಗಳಲ್ಲೇ ಅಮೆರಿಕ ಎಫ್-16 ಮಾರಾಟಕ್ಕೆ ಹಸಿರು ನಿಶಾನೆ ತೋರಿತು. ರಷ್ಯಾದ ಎಸ್-400 ಕೊಂಡು 2019ರಲ್ಲಿ ಎಫ್-35 ಕಳೆದುಕೊಂಡ ಪೆಟ್ಟು ಇನ್ನೂ ಇದೆ, ಎಲ್ಲಾ ಆಟವೂ ಗೆದ್ದಿಲ್ಲ.

ಇತ್ತೀಚಿನದು ಕೇಳಿ. 2025ರ ಅಕ್ಟೋಬರ್ 27ಕ್ಕೆ ಬ್ರಿಟನ್ ಪ್ರಧಾನಿ ಸ್ಟಾರ್ಮರ್ ಅಂಕಾರಾಕ್ಕೆ ಬಂದು 20 ಯೂರೋಫೈಟರ್ ವಿಮಾನದ ಒಪ್ಪಂದಕ್ಕೆ ಸಹಿ ಹಾಕಿದರು. 8 ಬಿಲಿಯನ್ ಪೌಂಡ್. ಅದೇ ಹೊತ್ತಿಗೆ ಇಸ್ತಾಂಬುಲ್ ಕೋರ್ಟಿನಲ್ಲಿ ಇಮಾಮೋಲು ಮೇಲೆ ಗೂಢಚರ್ಯೆಯ ಇನ್ನೊಂದು ಕೇಸು. ಟಿವಿಯ ಅರ್ಧ ಪರದೆಯಲ್ಲಿ ಕೈಕುಲುಕುವುದು, ಕೆಳಗೆ ಓಡುವ ಪಟ್ಟಿಯಲ್ಲಿ ಗೂಢಚರ್ಯೆ. ಎರಡನ್ನೂ ಒಂದೇ ನೋಟದಲ್ಲಿ ಓದಿದೆ.

ಬೆಣ್ಣೆದೋಸೆ ಲೆಕ್ಕಿಗ

ಭಟ್ಟರೇ, ಅರ್ಧ ಒಪ್ಪುತ್ತೇನೆ. ಸರ್ಕಾರಗಳು ಸುಮ್ಮನಿದ್ದವು, ನಿಜ. ದುಡ್ಡು ಸುಮ್ಮನಿರಲಿಲ್ಲ. ಮಾರ್ಚ್ 19ರ ಬೆಳಿಗ್ಗೆ ಡಾಲರ್‌ಗೆ 36ರ ಆಸುಪಾಸಿನಲ್ಲಿದ್ದ ಲಿರಾ ಒಂದೇ ಏಟಿಗೆ 40 ದಾಟಿತು. ಸೆಂಟ್ರಲ್ ಬ್ಯಾಂಕ್ ಬಿಲಿಯನ್‌ಗಟ್ಟಲೆ ಡಾಲರ್ ಸುರಿದು 38ಕ್ಕೆ ಎಳೆದು ತಂದಿತು. ಎರಡು ವರ್ಷ ಜನರ ಹೊಟ್ಟೆ ಕಟ್ಟಿಸಿ ಕೂಡಿಟ್ಟ ಡಾಲರ್ ಅದು. ಇಳಿಯುತ್ತಿದ್ದ ಬಡ್ಡಿಯನ್ನು ಏಪ್ರಿಲ್‌ನಲ್ಲಿ ಮತ್ತೆ 42.5ರಿಂದ 46ಕ್ಕೆ ಏರಿಸಬೇಕಾಯಿತು. ಸ್ಟಾರ್ಮರ್ ಬೈಯದಿದ್ದರೂ ಬಾಂಡ್ ಕೊಳ್ಳುವವನು ಬೈದ.

ಸ್ಟುಟ್‌ಗಾರ್ಟ್ ಸುಬ್ಬಿ

ನಮ್ಮ ಜರ್ಮನಿಯ ಕಥೆಯೂ ಅಷ್ಟೇ. ಯೂರೋಫೈಟರ್ ಕೊಡುವುದಕ್ಕೆ ಅಡ್ಡಗಾಲು ಹಾಕಿದ್ದವರು ಜುಲೈನಲ್ಲಿ ಕಾಲು ತೆಗೆದರು. ಇನ್ನೊಂದು ಹಳೇ ಋಣವೂ ಇದೆ: ನಿರಾಶ್ರಿತರು. ಒಂದು ಕಾಲಕ್ಕೆ ಟರ್ಕಿಯಲ್ಲಿ 37 ಲಕ್ಷ ಸಿರಿಯನ್ನರು ಇದ್ದರು. ಅವರು ಈ ಕಡೆ ದಾಟದಿರಲಿ ಅಂತ 2016ರಲ್ಲಿ ಯುರೋಪ್ 6 ಬಿಲಿಯನ್ ಯೂರೋ ಮಾತಾಡಿತು. ಬಾಗಿಲು ಕಾಯುವವನ ಮೇಲೆ ರೇಗುವುದು ಹೇಗೆ?

ಅಲ್ಲಿನ ಜನ ಆ ಸಿರಿಯನ್ನರ ಮೇಲೆ ರೇಗಿದ್ದು ಬೇರೆ. ಅಸಾದ್ ಬಿದ್ದ ದಿನ ಅದಕ್ಕೇ ಎರ್ದೊವಾನ್‌ಗೆ ಎರಡು ಲಾಭ. ಗೂಢಚಾರ ಮುಖ್ಯಸ್ಥ ಕಾಲಿನ್ ನಾಲ್ಕೇ ದಿನದಲ್ಲಿ ದಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ನಮಾಜು ಮಾಡಿದರು, ಮನೆಗೆ ಹೊರಟವರ ಸಾಲು ಗಡಿಯಲ್ಲಿ ಬೆಳೆಯಿತು.

ಕರಾವಳಿ ಮಂಜ

ಎಲ್ಲಾ ಸರಿ, ನಮ್ಮ ವಿಷಯಕ್ಕೆ ಬನ್ನಿ. 2023ರ ಫೆಬ್ರುವರಿ 6ರ ಭೂಕಂಪದಲ್ಲಿ ಅಲ್ಲಿ 53 ಸಾವಿರ ಜನ ಹೋದರು. ನಾವು ಆಪರೇಷನ್ ದೋಸ್ತ್ ಅಂತ ಹೆಸರಿಟ್ಟು ಎನ್‌ಡಿಆರ್‌ಎಫ್ ಕಳಿಸಿದೆವು, ನಾಯಿಗಳನ್ನೂ ಕಳಿಸಿದೆವು. ಇಸ್ಕೆಂದರುನ್‌ನಲ್ಲಿ ನಮ್ಮ ಸೇನೆ ಆಸ್ಪತ್ರೆ ತೆರೆಯಿತು. ಎರಡು ವರ್ಷ ಬಿಟ್ಟು ಅವರ ಸೋಂಗಾರ್ ಡ್ರೋನ್ ಪಾಕಿಸ್ತಾನದಿಂದ ನಮ್ಮ ಮೇಲೆ ಹಾರಿ ಬಂತು ಅಂತ ನಮ್ಮ ಸರ್ಕಾರವೇ ಹೇಳಿತು. ಇದು ಯಾವ ದೋಸ್ತಿ?

ಬಯಲುಸೀಮೆ

ನನಗೂ ಅದೇ ಉರಿ. ಅಪ್ಪ-ಅಮ್ಮನಿಗೆ ಕಪಡೋಕಿಯಾ ಬಲೂನು ತೋರಿಸಬೇಕು ಅಂತ ಜೂನ್‌ಗೆ ಟೂರ್ ಬುಕ್ ಮಾಡಿದ್ದೆ. ರದ್ದು ಮಾಡಿದೆ. ಟ್ರಾವೆಲ್ಸ್‌ನವರು ದೇಶಭಕ್ತಿಯ ಮೇಲೆ ದೊಡ್ಡ ಮೆಸೇಜ್ ಕಳಿಸಿದರು. ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ ಕಳಿಸಿದರು.

ಹಳೇ ಪೇಪರ್

ದೋಸ್ತಿ ಇರಲೇ ಇಲ್ಲ ಮಂಜಣ್ಣ, ನಾವು ಇಟ್ಟ ಹೆಸರು ಅದು. ಪಾಕಿಸ್ತಾನದ ಜೊತೆ ಅವರ ನಂಟು ಶೀತಲ ಸಮರದ ಕಾಲದ್ದು, ಎರಡೂ ಒಂದೇ ಅಮೆರಿಕನ್ ಕೂಟದಲ್ಲಿ ಇದ್ದವು. ಈಗ ಅದಕ್ಕೆ ಡ್ರೋನ್, ಯುದ್ಧನೌಕೆ ವ್ಯಾಪಾರ ಸೇರಿದೆ. ಕಾಶ್ಮೀರದ ಮಾತನ್ನು ಎರ್ದೊವಾನ್ ವಿಶ್ವಸಂಸ್ಥೆಯಲ್ಲಿ ಮತ್ತೆ ಮತ್ತೆ ಎತ್ತಿದ್ದಾರೆ. ನಾವೂ ಸುಮ್ಮನೆ ಕೂತಿಲ್ಲ. ಮೇ 15ಕ್ಕೆ ಟರ್ಕಿಯ ಚೆಲೆಬಿ ಕಂಪನಿಯ ಭದ್ರತಾ ಅನುಮತಿ ರದ್ದಾಯಿತು. ಬೆಂಗಳೂರು ಸೇರಿ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಸಾಮಾನು ಸಾಗಿಸುವಂಥ ಕೆಲಸ ನೋಡುತ್ತಿದ್ದ ಕಂಪನಿ ಅದು. ಜೂನ್‌ನಲ್ಲಿ ಮೋದಿ ಸೈಪ್ರಸ್‌ಗೆ ಹೋದರು. ಆ ದ್ವೀಪದ ಉತ್ತರ ಭಾಗ ಟರ್ಕಿ ಹಿಡಿತದಲ್ಲಿದೆ, ಯಾಕೆ ಹೋದರು ಅಂತ ಹೇಳಬೇಕಿಲ್ಲ.

ಇಸ್ರೇಲ್ ವಿಷಯದಲ್ಲೂ ಇದೇ ಎರಡು ಲೆಕ್ಕ. 2024ರ ಮೇನಲ್ಲಿ ಗಾಜಾ ಕಾರಣಕ್ಕೆ ವ್ಯಾಪಾರ ನಿಲ್ಲಿಸಿದರು. ಅಜರ್‌ಬೈಜಾನ್ ಎಣ್ಣೆ ಮಾತ್ರ ಟರ್ಕಿಯ ಜೆಯ್ಹಾನ್ ಬಂದರಿನಿಂದ ಹಡಗು ಹತ್ತಿ ಆ ಕಡೆ ಹೋಗುತ್ತಿದೆ ಅಂತ ಅಲ್ಲಿನ ವಿರೋಧಿಗಳೇ ಬೊಬ್ಬೆ ಹೊಡೆದರು.

ತದಡಿ ಬೋಟು

ಎರಡು ಲೆಕ್ಕ ಅಂದಿರಲ್ಲ, ಅದಕ್ಕೆ ಒಂದು ಹಳೇ ಬಾಕಿ ನೆನಪಾಯಿತು. 1786ರಲ್ಲಿ ಟಿಪ್ಪು ಸುಲ್ತಾನ್ ಇಸ್ತಾಂಬುಲ್‌ಗೆ ರಾಯಭಾರಿಗಳನ್ನು ಕಳಿಸಿದ್ದು ನಮ್ಮ ಅಘನಾಶಿನಿ ಹೊಳೆ ಸಮುದ್ರ ಸೇರುವ ತದಡಿಯಿಂದ. ಈಗ ಅಲ್ಲಿ ಮೀನು ಬೋಟು ಬಿಟ್ಟರೆ ಏನಿಲ್ಲ. ಬಸ್ರಾದಲ್ಲಿ ವ್ಯಾಪಾರದ ಸವಲತ್ತು, ಖಲೀಫನ ಮನ್ನಣೆ, ಇಂಗ್ಲಿಷರ ವಿರುದ್ಧ ಸಹಾಯ, ಇವು ಬೇಡಿಕೆ. ಹೋದವರಲ್ಲಿ ತುಂಬಾ ಜನ ದಾರಿಯಲ್ಲೇ ರೋಗ ಬಂದು, ಹಡಗು ಒಡೆದು ತೀರಿಕೊಂಡರು. ಉಳಿದವರು ತಲುಪಿದಾಗ ಸುಲ್ತಾನನಿಗೆ ರಷ್ಯಾ ಜೊತೆ ಯುದ್ಧದ ತಲೆಬಿಸಿ. ಇಂಗ್ಲಿಷರು ಬೇಕಾಗಿದ್ದರು. ಗೌರವ, ಉಡುಗೊರೆ ಕೊಟ್ಟು ಕಳಿಸಿದ, ಸೈನ್ಯ ಕೊಡಲಿಲ್ಲ.

ನಿರ್ವಾಹಕ

ಟಿಪ್ಪು ಹೆಸರು ಬಂತು ಅಂದರೆ ನನ್ನ ಎದೆ ಹೊಡೆದುಕೊಳ್ಳುತ್ತೆ. ಆದರೆ ಇದು ವಿಷಯಕ್ಕೆ ಸಂಬಂಧಪಟ್ಟದ್ದು, ಇರಲಿ. ಇದಕ್ಕೆ ಉತ್ತರ ಕೊಡುವವರು ತದಡಿ ಬಗ್ಗೆ ಮಾತ್ರ ಕೊಡಿ.

ಬಯಲುಸೀಮೆ

ಕೊನೆಗೊಂದು ಕೇಳಿ ಸುಮ್ಮನಾಗುತ್ತೇನೆ. ಭಟ್ಟರೇ, ಅಲ್ಲಿನ ಮಾಮೂಲಿ ಜನ ಏನಂತಾರೆ? 2028ಕ್ಕೆ ಯಾರು?

ಬಾಸ್ಫರಸ್ ಭಟ್ಟ

ನಿಮ್ಮ ಪ್ರಶ್ನೆ ಇಟ್ಟುಕೊಂಡೇ ನಿನ್ನೆ ಸಂಜೆ ನಮ್ಮ ಬೀದಿಯ ಚಹಾದಂಗಡಿಗೆ ಹೋದೆ. ದಿನಾ ಒಂದೇ ಮೂಲೆಯಲ್ಲಿ ಕೂರುವ ಒಬ್ಬರು ಅಜ್ಜ ಇದ್ದಾರೆ, ಹಿಂದೆ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದವರು. ಯಾರು ಬರಬಹುದು ಅಂತ ಕೇಳಿದೆ. ಅವರು ಟಿವಿ ಕಡೆ ನೋಡಿದರು. ಪಕ್ಕದ ಮೇಜು ನೋಡಿದರು. ಆಮೇಲೆ, ‘ಸಿಲಿವ್ರಿಯಲ್ಲಿ ಚಳಿ ಮಗಾ’ ಅಂದರು.

ಸಿಲಿವ್ರಿ ಅಂದರೆ ಇಮಾಮೋಲು ಇರುವ ಜೈಲಿನ ಊರು. ಬಾಯಿ ಜಾರುವ ಮಾತು ಬಂದಾಗೆಲ್ಲ ಇಲ್ಲಿ ಎಲ್ಲರೂ ಹೇಳುವ ಜೋಕು ಇದು. ಮೊದಲು ಜನ ನಗುತ್ತಿದ್ದರು. ಅಜ್ಜ ನಗಲಿಲ್ಲ.

ಸಕ್ಕರೆ ತುಂಡು ಹಾಕಿ ಕಲಕುತ್ತಾ ಅವರೇ ಮಾತು ತಿರುಗಿಸಿದರು. ನಿಮ್ಮ ದೇಶದಲ್ಲಿ ಚಿನ್ನ ಗ್ರಾಂಗೆ ಎಷ್ಟು ಅಂತ. 24 ಕ್ಯಾರಟ್‌ನ ಬೆಲೆ ರೂಪಾಯಿಯಲ್ಲಿ ಹೇಳಿದೆ. ಫೋನಿನಲ್ಲಿ ಲಿರಾಕ್ಕೆ ಹಾಕಿ ತೋರಿಸು ಅಂದರು, ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿ, ಹೆಂಡತಿಯ ಮೂರು ಬಳೆ ಇನ್ನೂ ದಿಂಬಿನ ಕೆಳಗಿವೆ, ಮಾರಲ್ಲ ಅಂದರು. ನನ್ನ ಚಹಾದ ದುಡ್ಡನ್ನೂ ಅವರೇ ಕೊಟ್ಟರು.